ಬೋಟಿಗೆ ರಿಪೇರಿ ಅದೆ, ಗಾಡಿಗೆ?

ಸಂಪಾದಕರೇ,

ನಾನು ಕುಮಟಾ ಕಡೆಯಿಂದ ಶಿರಸಿಗೆ ಮೀನು ಹೊಡೆಯೋ ಟೆಂಪೋದವ. ಗಾಡಿ ಮೀಟರ್ 4 ಲಕ್ಷ 60 ಸಾವಿರ ಕಿಲೋಮೀಟರ್ ತೋರಿಸ್ತಾ ನಿಂತು ಎರಡು ವರ್ಷ ಆಯ್ತು, ಕೇಬಲ್ ತುಂಡಾಗಿದೆ, ಆಮೇಲೆ ಓಡಿದ್ದರ ಲೆಕ್ಕ ದೇವರೇ ಇಟ್ಟಿರಬೇಕು.

ಕಳೆದ ಡಿಸೆಂಬರಲ್ಲಿ ವಾಪಸ್ ಬರೋವಾಗ ಖಾಲಿ ಯಾಕೆ ಬರೋದು ಅಂತ ಗುಜರಿ ಕಬ್ಬಿಣ ಹಾಕ್ಕೊಂಡು ಶಿರಸಿ-ಕುಮಟಾ ನಡುವಿನ ದೇವಿಮನೆ ಘಾಟಿ ಇಳಿತಾ ಇದ್ದೆ, ಅರ್ಧ ಇಳಿದಿರಬೇಕು, ಬ್ರೇಕ್ ಒತ್ತಿದ್ರೆ ಪೆಡಲ್ಲು ಗದ್ದೆ ಕೆಸರಲ್ಲಿ ಕಾಲಿಟ್ಟ ಹಾಗೆ ಕೆಳಗೆ ಹೋಯ್ತು. ಪಂಪ್ ಮಾಡಿದೆ, ಚೂರು ಹಿಡಿತು, ಮತ್ತೆ ಇಲ್ಲ. ಹೇಗೋ ಗೇರು ಸೆಕೆಂಡಿಗೆ ತಂದು ಹ್ಯಾಂಡ್ ಬ್ರೇಕ್ ಎಳೆದು ಪಕ್ಕದ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದೆ. ಎದುರಿಗೆ ಬಸ್ಸು ಬರಲಿಲ್ಲ, ಅಷ್ಟೇ.

ಮೆಕ್ಯಾನಿಕ್ ಬಂದು ಅಡಿಗೆ ತೂರಿ ನೋಡಿದ್ರೆ ಹಿಂದಿನ ಚಕ್ರಕ್ಕೆ ಹೋಗೋ ಬ್ರೇಕ್ ಪೈಪು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು. ಮುಂದಿನ ಚಕ್ರದ ಲೈನು ಬೇರೆ ಅಲ್ವಾ, ಆ ಬ್ರೇಕ್ ಉಳಿಬೇಕಲ್ಲ ಮಾರಾಯಾ ಅಂದೆ, ಉಳಿದಿತ್ತಂತೆ, ಆದ್ರೆ ಬ್ರೇಕ್ ಆಯಿಲ್ಲು ಹಳೆಯದಾಗಿ ಕಷಾಯದ ಬಣ್ಣ ಆಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಎಳ್ಕೊಳ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿ ತನಕ ತಡಿಬೇಕು, ನೀರು ಸೇರಿದ್ಮೇಲೆ 140ರ ಹತ್ರಕ್ಕೇ ಕುದಿಬಹುದು, ಕುದ್ರೆ ಪೈಪಲ್ಲಿ ಹಬೆ, ನಾವು ಒತ್ತಿದ್ದೆಲ್ಲ ಹಬೆ ಕುಗ್ಗಿಸೋದಕ್ಕೇ ಹೋಗ್ತದೆ, ಚಕ್ರಕ್ಕೆ ಮುಟ್ಟಲ್ಲ.

ಪೈಪಿನ ತುಕ್ಕು ಮಾತ್ರ ನಾವೇ ಸಾಕಿದ್ದು. ಐಸ್ ಕರಗಿದ ಉಪ್ಪುನೀರು ರಸ್ತೆ ಮೇಲೆ ಬಿದ್ರೆ ಹಿಂದಿನ ಬೈಕಿನವರು ಬೈತಾರೆ ಅಂತ ನೀರು ಹೋಗೋ ತೂತಿಗೆ ಗೋಣಿ ತುರುಕ್ತೇವೆ, ಆ ನೀರು ಸಂದಿಯಿಂದ ಇಳಿದು ದಿನಾ ಚಾಸಿ ಮೇಲೇ ತೊಟ್ಟಿಕ್ತದೆ. 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್ ಆಗ್ಬೇಕು, ನಂದೂ ಬ್ರೇಕ್ ಹೋಗೋಕೆ ಐದು ತಿಂಗಳ ಮುಂಚೆ ಆಗಿತ್ತು. ಅದಕ್ಕೆ ನನ್ನ ತಯಾರಿ ಏನು ಗೊತ್ತುಂಟಾ, ಬಲ್ಬು, ರಿಫ್ಲೆಕ್ಟರ್ ಸ್ಟಿಕರ್, ಚಾಸಿಗೆ ಕರಿ ಪೇಂಟು. ಪೈಪಿನ ಮೇಲೂ ಪೇಂಟ್ ಹೊಡೆಸಿದ್ದೆ, ತುಕ್ಕೆಲ್ಲ ಮುಚ್ಚಿಹೋಯ್ತು! ಯಾರನ್ನ ಬಯ್ಯಲಿ ಹೇಳಿ.

ಹೇಳೋಕೆ ಹೊರಟಿದ್ದು ಇದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಬೋಟೆಲ್ಲ ದಡಕ್ಕೆ ಬಂದು ರಿಪೇರಿ ಆಗ್ತದೆ, ಬಲೆ ಹೆಣಿತಾರೆ, ಎಂಜಿನ್ ಬಿಚ್ತಾರೆ. ಅದೇ ಬೋಟಿನ ಮೀನು ಹೊರೋ ಗಾಡಿಗಳು ಮಾತ್ರ ತಾಡಪತ್ರಿ ಅಡಿ ತುಕ್ಕು ಹಿಡಿತಾ ನಿಲ್ತವೆ, ಆಗಸ್ಟಲ್ಲಿ ಬಂದರು ಶುರುವಾದ ದಿನ ನೇರ ಲೋಡು. ಸಾರಿಗೆಯವರೂ ಮೀನುಗಾರರ ಸಂಘದವರೂ ಸೇರಿ ಜುಲೈಯಲ್ಲಿ ಕಾರವಾರ, ಕುಮಟಾ, ಹೊನ್ನಾವರದಲ್ಲಿ ಒಂದೆರಡು ದಿನ ಗಾಡಿ ಎತ್ತಿ ಅಡಿ ನೋಡೋ ಕ್ಯಾಂಪ್ ಮಾಡ್ಲಿ, ದಂಡ ಹಾಕೋಕಲ್ಲ, ಬರೀ ಬ್ರೇಕಿನ ಪೈಪು, ಆಯಿಲ್ಲು, ಲೈನರ್ ನೋಡಿ ಹೇಳೋಕೆ. ದಂಡ ಅಂದ್ರೆ ಯಾರೂ ಬರಲ್ಲ, ನಾನೂ ಬರಲ್ಲ.

ಹೊಸ ಪೈಪಿಗೆ ಕೊಟ್ಟ ದುಡ್ಡು ಒಂದು ಬುಟ್ಟಿ ಬಂಗುಡೆಗೂ ಸಾಲ್ತಿರಲಿಲ್ಲ.

– ಒಬ್ಬ ಟೆಂಪೋ ಚಾಲಕ, ಕುಮಟಾ