ಬಾಗಿಲಲ್ಲಿ ನಿಂತು ಮಾಡಿದ ಕೈಸನ್ನೆ

ದಾವಣಗೆರೆ
ಗುರುವಾರ ರಾತ್ರಿ

ಮಗಳೇ,

ನಿನ್ನ ಸಂಬಳದ ಬಗ್ಗೆ ಭಾನುವಾರ ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ಮರುದಿನ ಬೆಳಗ್ಗೆ ನೀನು ರೈಲಿಗೆ ಹೊರಟಾಗ ನಾನು ಸ್ಟೇಷನ್ನಿಗೆ ಬರಲಿಲ್ಲ. ಮಂಡಿ ನೋವು ಅಂತ ನಿಮ್ಮಮ್ಮ ಹೇಳಿದಳಲ್ಲ, ಅದು ಸುಳ್ಳು. ಮಂಡಿ ಚೆನ್ನಾಗಿಯೇ ಇತ್ತು.

ಫೋನಿನಲ್ಲಿ ಹೇಳಲು ಹೋದರೆ ನನ್ನ ದನಿ ಜೋರಾಗುತ್ತದೆ, ನೀನು ಕಟ್ ಮಾಡುತ್ತೀಯ. ಅದಕ್ಕೇ ಕಾಗದ ಹಿಡಿದಿದ್ದೇನೆ.

ನೀನು ಅಂದದ್ದರಲ್ಲಿ ಒಂದು ಮಾತು ಮಾತ್ರ ನಾಲ್ಕು ದಿನದಿಂದ ಹೋಗುತ್ತಿಲ್ಲ. "ಅಪ್ಪಾಜಿ, ಅವತ್ತು ನೀವು ಬಾಗಿಲಲ್ಲಿ ನಿಂತಿದ್ರಿ." ಅಷ್ಟೇ ಹೇಳಿ ಸುಮ್ಮನಾದೆ.

ಹೌದು, ನಿಂತಿದ್ದೆ. 2023ರ ಆಗಸ್ಟ್. ನೀನು ಫೋನ್ ಹಿಡಿದುಕೊಂಡಿದ್ದೆ. ಆ ಕಡೆಯಿಂದ ಕಂಪನಿಯ ಎಚ್ಆರ್ ಹೆಣ್ಣುಮಗಳು ಸಂಬಳ ವರ್ಷಕ್ಕೆ ಹನ್ನೊಂದು ಲಕ್ಷ ಅಂದಳು. ನೀನು ತಕ್ಷಣ ಉತ್ತರ ಕೊಡಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದೆ. ನಾನು ಎರಡೂ ಅಂಗೈ ಕೆಳಗೆ ಮಾಡಿ ಒತ್ತಿದೆ, ಕುಣಿಯುವ ಮಗುವನ್ನು ಕೂರಿಸುವ ಹಾಗೆ. ಸಾಕು, ಸಾಕು, ಒಪ್ಪಿಕೋ. ನೀನು "ಯೆಸ್, ಐ ಆಮ್ ಫೈನ್" ಅಂದೆ. ಅದೇ ವಾರ, ಅದೇ ಲೆವೆಲ್ಲಿಗೆ ಸೇರಿದ ಹುಡುಗ ಹದಿನೈದು ಲಕ್ಷ ತೆಗೆದುಕೊಳ್ಳುತ್ತಿದ್ದಾನೆ ಅಂತ ಈಗ, ಎರಡು ವರ್ಷ ದಾಟಿದ ಮೇಲೆ, ಊಟದ ಟೇಬಲ್ಲಿನಲ್ಲಿ ಅವನ ಬಾಯಿಂದಲೇ ಕೇಳಿದ್ದೀಯ.

ಆ ಕೈಸನ್ನೆ ಎಲ್ಲಿಂದ ಬಂತು ಅಂತ ನಿನಗೆ ಹೇಳಬೇಕು. ಯಾರಿಗೂ ಹೇಳಿಲ್ಲ.

ಮಿಲ್ಲಿನಲ್ಲಿ ನನ್ನ ಕೆಲಸ ನಿನಗೆ ಗೊತ್ತಲ್ಲ. ಪಗಾರ ಬರೆಯುವ ಗುಮಾಸ್ತ. ನಾನೂರು ಚಿಲ್ಲರೆ ಜನರ ಹಾಜರಿ, ಪಾಳಿ, ಓವರ್‌ಟೈಮು, ಪಿಎಫ್, ಇಎಸ್‌ಐ. ಬಟವಾಡೆಯ ಹಿಂದಿನ ರಾತ್ರಿ ಮನೆಗೇ ಬರುತ್ತಿರಲಿಲ್ಲ. 1998ರಲ್ಲಿ ನನ್ನ ಪಗಾರ 1,850 ರೂಪಾಯಿ. ಆ ವರ್ಷ ನನ್ನ ಕೈಕೆಳಗೆ ಒಬ್ಬ ಹುಡುಗನನ್ನು ಹಾಕಿದರು. ಕೂಡುವ ಲೆಕ್ಕವನ್ನೂ ನಾನೇ ಹೇಳಿಕೊಡಬೇಕಿತ್ತು. ಅವನ ಪಗಾರ 2,400. ಅದನ್ನು ಪುಸ್ತಕದಲ್ಲಿ ಬರೆದವನೂ ನಾನೇ.

ಒಂದು ತಿಂಗಳು ಸುಮ್ಮನಿದ್ದೆ. ನಿಮ್ಮಮ್ಮನಿಗೆ ಆಗ ಐದು ತಿಂಗಳು, ಹೊಟ್ಟೆಯಲ್ಲಿ ನೀನು. ಒಂದು ದಿನ ಧೈರ್ಯ ಮಾಡಿದೆ. 550 ಕೇಳುವಷ್ಟು ಧೈರ್ಯ ಇರಲಿಲ್ಲ, 300 ಅಂದುಕೊಂಡೆ. ನಿಟುವಳ್ಳಿಯಿಂದ ಮಿಲ್ಲಿನವರೆಗೆ ಸೈಕಲ್ ತುಳಿಯುತ್ತಾ ಒಂದೇ ವಾಕ್ಯ ಬಾಯಿಪಾಠ ಮಾಡಿದೆ. "ಸಾಹುಕಾರ್ರೆ, ಒಂಬತ್ತು ವರ್ಷ ಆಯ್ತು, ಮುನ್ನೂರು ಜಾಸ್ತಿ ಮಾಡಿಕೊಡಬೇಕು."

ಸಾಹುಕಾರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿ ಕೂತುಕೋ ಅಂದರು. ಅಲ್ಲಿಯವರೆಗೆ ನಾನು ಆ ಕೋಣೆಯಲ್ಲಿ ಕೂತಿರಲಿಲ್ಲ. ಚಹಾ ತರಿಸಿದರು. ಗಾಜಿನ ಲೋಟದಲ್ಲಲ್ಲ, ಬಸಿಯ ಮೇಲಿಟ್ಟು, ಅವರು ಕುಡಿಯುವ ಪಿಂಗಾಣಿ ಕಪ್ಪಿನಲ್ಲಿ. ಹೆಂಡತಿಗೆ ಎಷ್ಟು ತಿಂಗಳು ಅಂತ ಕೇಳಿದರು. "ನೀನು ಬೇರೆಯವನಾ, ನಮ್ಮ ಮನೆಯವನಿದ್ದಂಗೆ" ಅಂದರು. ಹತ್ತಿ ರೇಟು, ಕರೆಂಟು, ಬ್ಯಾಂಕಿನ ಸಾಲ ಎಲ್ಲ ನನಗೆ ಹೇಳಿದರು, ನಾನೇ ಪಾಲುದಾರ ಅನ್ನುವ ಹಾಗೆ. ಕೊನೆಗೆ ಜೇಬಿನಿಂದ ನೂರು ರೂಪಾಯಿ ನೋಟು ತೆಗೆದು, ಬಾಣಂತನದ ಖರ್ಚಿಗೆ ಇರಲಿ ಅಂತ ಕೈಯಲ್ಲಿಟ್ಟರು. ನಾನು ಎದ್ದು ನಿಂತು ಕೈ ಮುಗಿದೆ. ಬಾಯಿಪಾಠ ಮಾಡಿದ್ದ ವಾಕ್ಯ ಬಾಯಿಯಲ್ಲೇ ಉಳಿದಿತ್ತು. ಆ ಕೋಣೆಗೆ ಹೋಗಿ ನಾನು "ಸಾಹುಕಾರ್ರೆ" ಅಂದದ್ದು ಬಿಟ್ಟರೆ ಏನನ್ನೂ ಕೇಳಿರಲೇ ಇಲ್ಲ. ಹೊರಗೆ ಬಂದ ಮೇಲೆ ಗೊತ್ತಾಯ್ತು.

ಇನ್ನೊಂದು ಇದೆ. ಮನೆಗೆ ಬಂದು ನಿಮ್ಮಮ್ಮನಿಗೆ, ತಿಂಗಳಿಗೆ ನೂರು ಜಾಸ್ತಿ ಮಾಡಿದರು ಅಂದೆ. ಹೇಳಿದ ಮೇಲೆ ತರಬೇಕಲ್ಲ? ಸಂಜೆ ಒಂದು ದಿನಸಿ ಅಂಗಡಿಯ ಲೆಕ್ಕ ಬರೆಯಲು ಶುರು ಮಾಡಿದೆ. ತಿಂಗಳಿಗೆ ನೂರು ಕೊಡುತ್ತಿದ್ದರು. ನೀನು ಹುಟ್ಟಿದ ಮೇಲೂ ಆರು ವರ್ಷ ಬರೆದೆ. "ಅಪ್ಪಾಜಿ ಮಿಲ್ಲಿಂದ ಲೇಟಾಗಿ ಬರ್ತಾರೆ" ಅಂತ ನೀನು ಹೇಳುತ್ತಿದ್ದೆಯಲ್ಲ, ಅದು ಮಿಲ್ಲು ಆಗಿರಲಿಲ್ಲ. ನಿಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ನೀನೂ ಹೇಳಬೇಡ.

2004ರಲ್ಲಿ ಮಿಲ್ಲು ನಿಂತಾಗ ಎಲ್ಲರ ಲೆಕ್ಕ ಚುಕ್ತಾ ಮಾಡಿದವನೂ ನಾನೇ. ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿಗೆ ಕೊನೆಯ ತಿಂಗಳ ಪಗಾರ ಹಿಡಿಯುತ್ತಾರೆ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಷ್ಟು ವರ್ಷ ದುಡಿದಿದ್ದೇವೋ ಅಷ್ಟರಿಂದ ಮತ್ತೆ ಗುಣಿಸಬೇಕು. ನನ್ನದು ಹದಿನೈದು ವರ್ಷ. ಕೇಳದೆ ಬಿಟ್ಟ ಆ 300 ರೂಪಾಯಿಗೆ ಗ್ರಾಚ್ಯುಟಿಯಲ್ಲೇ 2,596 ರೂಪಾಯಿ ಹೋಗಿತ್ತು. ಪಿಎಫ್ ಬೇರೆ. ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ಹರಿದು ಹಾಕಿದೆ. ನಿನ್ನ ನಾಲ್ಕು ಲಕ್ಷವೂ ಹಾಗೇ ಅಲ್ವಾ? ಆ ಹದಿನೈದು ಲಕ್ಷದ ಹುಡುಗನಿಗೆ ಹತ್ತು ಪರ್ಸೆಂಟ್ ಹೈಕ್ ಅಂದರೆ ಒಂದೂವರೆ ಲಕ್ಷ, ನಿನಗೆ ಅದೇ ಹತ್ತು ಪರ್ಸೆಂಟ್ ಅಂದರೆ ಒಂದು ಲಕ್ಷದ ಹತ್ತು ಸಾವಿರ. ವರ್ಷ ವರ್ಷ ದೂರ ಆಗುತ್ತಾ ಹೋಗುತ್ತೀರಿ.

ಇದರಲ್ಲಿ ನನ್ನನ್ನು ಚುಚ್ಚುವುದು ಇನ್ನೊಂದು. ಗಂಡು ಹೆಣ್ಣಿಗೆ ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರ ಕಾಯ್ದೆ ಇತ್ತು. ಈಗ ಅದು ವೇತನ ಸಂಹಿತೆಯೊಳಗೆ ಸೇರಿದೆ. ಅದಕ್ಕೊಂದು ರಿಜಿಸ್ಟರ್ ಇಡಬೇಕಿತ್ತು. ಕೆಲಸ ಯಾವುದು, ಗಂಡಸರು ಎಷ್ಟು, ಹೆಂಗಸರು ಎಷ್ಟು, ದರ ಎಷ್ಟು. ಆ ರಿಜಿಸ್ಟರನ್ನು ವರ್ಷಗಟ್ಟಲೆ ತುಂಬಿದ ಕೈಯಿಂದಲೇ ಬಾಗಿಲಲ್ಲಿ ನಿಂತು ನಿನಗೆ ಸನ್ನೆ ಮಾಡಿದೆ.

ಈಗ ನಿನ್ನ ಹೊಸ ಇಂಟರ್‌ವ್ಯೂ. ಉಪದೇಶ ಮಾಡಬಾರದು ಅಂತಲೇ ಕೂತಿದ್ದೇನೆ.

ಕೋಡಿಂಗ್ ರೌಂಡಿನ ಬಗ್ಗೆ ನನಗೆ ಹೆದರಿಕೆ ಇಲ್ಲ. 2021ರಲ್ಲಿ ನೀನು ಮನೆಯಲ್ಲೇ ಕೂತು ಇಂಟರ್‌ವ್ಯೂ ಕೊಡುವಾಗ ಮಿಕ್ಸಿ ಹಾಕಬೇಡಿ ಅಂತ ಪಕ್ಕದ ಮನೆಗೂ ಹೇಳಿ ಬಂದಿದ್ದೆ. ನೀನು ಒಬ್ಬಳೇ ಜೋರಾಗಿ ಮಾತಾಡುತ್ತಿದ್ದೆ. ಮಗಳಿಗೆ ಏನಾಯ್ತಪ್ಪಾ ಅಂದುಕೊಂಡೆ. "ಉತ್ತರ ಒಂದೇ ಸಾಕಾಗಲ್ಲ ಅಪ್ಪಾಜಿ, ಹೇಗೆ ಯೋಚನೆ ಮಾಡ್ತೀನಿ ಅಂತ ಅವರಿಗೆ ಕೇಳಿಸಬೇಕು" ಅಂದೆ. ಆಮೇಲೆ ಸಿಸ್ಟಮ್ ಡಿಸೈನಿಗೆ ಅಂತ ಹಳೇ ಕ್ಯಾಲೆಂಡರಿನ ಹಿಂದೆ ಡಬ್ಬಿ ಡಬ್ಬಿ ಬರೆದು, ಸಾವಿರಾರು ಜನ ಒಂದೇ ಸಲ ಟಿಕೆಟ್ ಬುಕ್ ಮಾಡಿದರೆ ಏನು ಮಾಡಬೇಕು ಅಂತ ನನಗೇ ಪಾಠ ಮಾಡಿದೆ. ನಾನು ಬಟವಾಡೆ ದಿನದ ಕಥೆ ಹೇಳಿದೆ. ಮೂರು ಕಿಟಕಿ, ಟೋಕನ್ನು, ಒಂದು ಕಿಟಕಿಯಲ್ಲಿ ಚಿಲ್ಲರೆ ಮುಗಿದರೆ ಸಾಲನ್ನು ಇನ್ನೊಂದಕ್ಕೆ ತಿರುಗಿಸುವುದು. "ಅಪ್ಪಾಜಿ, ನೀವೇ ಲೋಡ್ ಬ್ಯಾಲೆನ್ಸರ್" ಅಂತ ನಕ್ಕೆಯಲ್ಲ, ಅದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಅವರಿಗೂ ಅರ್ಥ ಆಗಲಿಲ್ಲ, ನನಗೂ ಪೂರ್ತಿ ಆಗಿಲ್ಲ.

ಅಂಥವಳು ಹತ್ತು ನಿಮಿಷದ ಫೋನಿಗೆ ಬಾಗಿಲ ಕಡೆ ನೋಡಿದೆ. ಅದನ್ನು ನಾನು ಕಲಿಸಿದ್ದು. ತಪ್ಪಾಯ್ತು ತಾಯಿ.

ನಿನ್ನ ಆ ಆಫರ್ ಲೆಟರನ್ನು ನಾನು ಓದಿದ್ದು ನೀನು ಸಹಿ ಹಾಕಿದ ಮೇಲೆ. ಹನ್ನೊಂದು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 91,666 ಅಂತ ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿಬಿಟ್ಟಿದ್ದೆ. ಇಷ್ಟು ವರ್ಷ ಪಗಾರ ಬರೆದವನು! ಆಮೇಲೆ ಕನ್ನಡಕ ಹಾಕಿ ನೋಡಿದೆ. ಬೇಸಿಕ್, ಅಂದರೆ ಮೂಲ ವೇತನ, 40 ಪರ್ಸೆಂಟ್. ಆ ಬೇಸಿಕ್ಕಿನ ಮೇಲೆ ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 4,400 ಆ ಹನ್ನೊಂದು ಲಕ್ಷದಲ್ಲೇ ಸೇರಿದೆ. ಗ್ರಾಚ್ಯುಟಿ ಅಂತ ತಿಂಗಳಿಗೆ 1,764, ಅದೂ ಐದು ವರ್ಷ ಇದ್ದರೆ ಮಾತ್ರ ಕೈಗೆ ಬರುವುದು. ವೇರಿಯಬಲ್ ಹತ್ತು ಪರ್ಸೆಂಟ್, ಅಂದರೆ 9,166, ವರ್ಷದ ಕೊನೆಗೆ ಅವರ ಮನಸ್ಸು ಬಂದಷ್ಟು. ಉಳಿದದ್ದು 76,336. ಅದರಲ್ಲಿ ನಿನ್ನ ಪಾಲಿನ ಪಿಎಫ್, ವೃತ್ತಿ ತೆರಿಗೆ 200 ಕಳೆದರೆ 71,736. ಆದಾಯ ತೆರಿಗೆ ಇನ್ನೂ ಮುರಿದಿಲ್ಲ. ನಮ್ಮ ಕಾಲದಲ್ಲಿ ಮಾಲೀಕ ಕಟ್ಟುವ ಪಿಎಫನ್ನು ಯಾರೂ ಪಗಾರ ಅಂತ ಕರೆಯುತ್ತಿರಲಿಲ್ಲ. ಈ ಸಿಟಿಸಿ, ಅಂದರೆ ಕಂಪನಿ ನಿನ್ನ ಮೇಲೆ ಮಾಡುವ ಒಟ್ಟು ಖರ್ಚು ಅನ್ನೋದು, ದೊಡ್ಡ ಬಾಳೆ ಎಲೆಯಲ್ಲಿ ಬಡಿಸಿದ ಊಟದ ಹಾಗೆ, ಅರ್ಧ ಬರೀ ಎಲೆಯೇ ಕಾಣುತ್ತದೆ.

ಅದಕ್ಕೇ ಹೇಳುತ್ತೇನೆ (ನೋಡು, ಶುರುವಾಯ್ತು), ಫೋನಿನಲ್ಲಿ ಅಂಕಿ ಹೇಳಿದರೆ ಹೂಂ ಅನ್ನಬೇಡ, ಊಹೂಂ ಅಂತಲೂ ಅನ್ನಬೇಡ. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಬಿಡಿಸಿ ಮೇಲ್ ಮಾಡಿ, ಎರಡು ದಿನ ಬೇಕು ಅನ್ನು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗಿದೆ, ಭತ್ಯೆಗಳೇ ಒಟ್ಟಿನ ಅರ್ಧ ದಾಟಿದರೆ ಮೇಲಿನದ್ದು ವೇತನದ ಲೆಕ್ಕಕ್ಕೇ ಸೇರುತ್ತದೆ. ಬೇಸಿಕ್ ಎಷ್ಟಿಟ್ಟಿದ್ದಾರೆ ನೋಡು. ಜಾಯ್ನಿಂಗ್ ಬೋನಸ್ ಕೊಟ್ಟರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಷೇರು ಕೊಡುತ್ತೇವೆ ಅಂದರೆ ಆ ಕಂಪನಿ ಷೇರು ಪೇಟೆಯಲ್ಲಿ ಇದೆಯಾ ಕೇಳು. ಇಲ್ಲದಿದ್ದರೆ ಅದನ್ನು ಮಾರುವುದು ಯಾರಿಗೆ? ಇಸಾಪ್ ಆದರೆ, ಅಂದರೆ ನೌಕರರಿಗೆ ನಿಗದಿ ಬೆಲೆಗೆ ಷೇರು ಕೊಳ್ಳಲು ಕೊಡುವ ಹಕ್ಕು ಆದರೆ, ಷೇರನ್ನು ನಿನ್ನ ಹೆಸರಿಗೆ ಮಾಡಿಸಿಕೊಂಡ ದಿನವೇ, ಒಂದು ರೂಪಾಯಿ ಕೈಗೆ ಬರುವ ಮೊದಲೇ, ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ.

ಈಗಿನ ಸಂಬಳ ಎಷ್ಟು ಅಂತ ಮೊದಲೇ ಕೇಳುತ್ತಾರಲ್ಲ, ಅದರ ಮೇಲೆ 30 ಪರ್ಸೆಂಟ್ ಹಾಕಿ ಮುಗಿಸುತ್ತಾರಲ್ಲ, ಅಲ್ಲೇ ನನ್ನ ತಪ್ಪು ನಿನ್ನ ಬೆನ್ನು ಹತ್ತುತ್ತದೆ. ಎದುರು ಮನೆಯವರ ಮಗ ಸ್ಯಾನ್ ಹೋಸೆಯಲ್ಲಿದ್ದಾನಲ್ಲ, ಅವನ ಹತ್ತಿರ ಮಾತಾಡಿದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೇ ಸಂಬಳ ಕೇಳುವ ಹಾಗೇ ಇಲ್ಲವಂತೆ, ಕಾನೂನು. ನಮ್ಮಲ್ಲಿ ಮೂರು ತಿಂಗಳ ಪೇಸ್ಲಿಪ್ಪೇ ಕೇಳುತ್ತಾರೆ. ಸುಳ್ಳು ಹೇಳಬೇಡ, ವೆರಿಫಿಕೇಷನ್ನಿನಲ್ಲಿ ಸಿಕ್ಕಿಬೀಳುತ್ತದೆ. ಇಲ್ಲದ ಇನ್ನೊಂದು ಆಫರನ್ನೂ ಹುಟ್ಟಿಸಬೇಡ. ಆದರೆ ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ಬಜೆಟ್ ಎಷ್ಟರಿಂದ ಎಷ್ಟು ಅಂತ ನೀನೇ ಮೊದಲು ಕೇಳಬಹುದಲ್ವಾ? ನನಗೆ ಇದು ಹೊಳೆದಿರಲೇ ಇಲ್ಲ. ಪುಸ್ತಕದಲ್ಲಿ ಎಲ್ಲರ ದರ ನನ್ನ ಕಣ್ಣ ಮುಂದಿತ್ತು, ಆದರೂ.

ಜಾಸ್ತಿ ಕೇಳಿದರೆ ಆಫರ್ ವಾಪಸ್ ತೆಗೆದುಕೊಳ್ಳುತ್ತಾರೆ ಅಂತ ನಾನು ಹೇಳುತ್ತಿದ್ದೆ. ನಮ್ಮ ಬೀದಿಯ ಹುಡುಗಿಯನ್ನು ತಿಂಗಳುಗಟ್ಟಲೆ ಕಾಯಿಸಿ ಕೊನೆಗೆ ಕೆಲಸ ಇಲ್ಲ ಅಂದರಲ್ಲ, ಅದನ್ನೇ ಉದಾಹರಣೆ ಕೊಡುತ್ತಿದ್ದೆ. ಆ ಪಾಪದ ಹುಡುಗಿ ಒಂದು ರೂಪಾಯಿಯನ್ನೂ ಜಾಸ್ತಿ ಕೇಳಿರಲಿಲ್ಲ. ಕೊಟ್ಟಷ್ಟಕ್ಕೆ ಹೂಂ ಅಂದಿದ್ದಳು. ಅದು ನನ್ನ ತಲೆಗೆ ಹೋಗಿದ್ದು ಮೊನ್ನೆ. ಆದರೂ ಸಹಿ ಹಾಕಿದ ಆಫರ್ ಲೆಟರ್ ಕೈಗೆ ಬರುವವರೆಗೆ ಈಗಿನ ಕಂಪನಿಗೆ ರಾಜೀನಾಮೆ ಕೊಡಬೇಡ. ಇದು ಹೆದರಿಕೆ ಅಂತ ನಗಬೇಡ. ಮೂರು ತಿಂಗಳ ನೋಟಿಸ್ ಇರುವವಳು ನೀನು.

ಆ ಎಚ್ಆರ್ ಹೆಣ್ಣುಮಗಳು "ವಿ ಆರ್ ಲೈಕ್ ಎ ಫ್ಯಾಮಿಲಿ ಹಿಯರ್" ಅಂದಿದ್ದಳು. ನೀನು ಸ್ಪೀಕರ್ ಹಾಕಿದ್ದೆ, ನನಗೂ ಕೇಳಿಸಿತ್ತು. ಆಗ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಒಳ್ಳೆಯ ಜನ ಅಂದುಕೊಂಡೆ. ಇಪ್ಪತ್ತೈದು ವರ್ಷದ ಹಿಂದೆ ಅದೇ ಮಾತು ಕೇಳಿ ಕೈ ಮುಗಿದಿದ್ದೆ, ಮತ್ತೆ ಅದೇ ಮಾತಿಗೆ ಕೈ ಕೆಳಗೆ ಒತ್ತಿದೆ. ಆ ಪಿಂಗಾಣಿ ಕಪ್ಪಿನ ಅಂಚಿಗೆ ನೀಲಿ ಗೆರೆ ಇತ್ತು ಮಗಳೇ. ಚಹಾ ಸಿಹಿ ಜಾಸ್ತಿಯಾಗಿತ್ತು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ.

ಮಂಗಳವಾರ ಅವರು ಫೋನ್ ಮಾಡುತ್ತಾರೆ ಅಂದಿದ್ದೆಯಲ್ಲ. ಅವತ್ತು ನನಗೆ ಫೋನ್ ಮಾಡಬೇಡ. ಮುಂಚೆಯಂತೂ ಬೇಡವೇ ಬೇಡ, ಬಾಯಿಗೆ ಬಂದದ್ದು ಅಂದುಬಿಡುತ್ತೇನೆ. ಬುಧವಾರ ಮಾಡು. ನೀನು ಎಷ್ಟು ಕೇಳಿದೆ ಅಂತ ಹೇಳು, ಅವರು ಎಷ್ಟು ಅಂದರು ಅನ್ನೋದು ಆಮೇಲೆ.

ನಿಮ್ಮಮ್ಮ ಕಟ್ಟಿಕೊಟ್ಟ ಮಂಡಕ್ಕಿ ಒಗ್ಗರಣೆಯ ಡಬ್ಬಿ ಮೆಟ್ಟಿಲ ಹತ್ತಿರವೇ ಬಿಟ್ಟು ಹೋಗಿದ್ದೆ. ನಾನೇ ತಿಂದೆ.

ನಿನ್ನ ಅಪ್ಪಾಜಿ

ಮರೆತಿದ್ದೆ. ಮೊದಲನೇ ಕಂಪನಿಯ ಪಿಎಫ್ ಇನ್ನೂ ಈ ಕಂಪನಿಯ ಖಾತೆಗೆ ವರ್ಗ ಮಾಡಿಸಿಲ್ಲ ನೀನು. ಯುಎಎನ್, ಅಂದರೆ ಪಿಎಫ್ ನಂಬರು, ಒಂದೇ ಇದ್ದರೂ ವರ್ಗ ಆಗಿದೆಯಾ ಅಂತ ಪಾಸ್‌ಬುಕ್ಕಿನಲ್ಲಿ ನೋಡಬೇಕು. ದುಡ್ಡು ಬೇಕಾಯ್ತು ಅಂತ ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ. ಪಾಸ್‌ವರ್ಡ್ ಕಳಿಸು, ನಾನೇ ನೋಡುತ್ತೇನೆ. ಬೇಡ, ನೀನೇ ನೋಡು.