ಅಂಕದ ಪಕ್ಕ ನಿಮಿಷವನ್ನೂ ಹಾಕಿ

ಮಾನ್ಯ ಸಂಪಾದಕರೇ,

ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ 2025ರ ಸೀಸನ್ನಿನ ಮೊದಲ ರಾತ್ರಿಯ ಸುದ್ದಿ ನಿಮ್ಮ ಕ್ರೀಡಾಪುಟದ ಮೂಲೆಯಲ್ಲಿ ಒಂದು ಫೋಟೊ, ನಾಲ್ಕು ಸಾಲು ಬಂದಿತ್ತು. ಯಾರು ಗೆದ್ದರು, ಯಾರು ಎಷ್ಟು ಅಂಕ ಹೊಡೆದರು, ಅಷ್ಟೇ. ಜಾಗ ಕಡಿಮೆ ಕೊಟ್ಟಿರಿ ಅಂತ ದೂರಲು ಈ ಪತ್ರ ಬರೆಯುತ್ತಿಲ್ಲ. ಆ ನಾಲ್ಕು ಸಾಲಿನಲ್ಲೇ ಇನ್ನೊಂದು ಅಂಕಿ ಹಾಕಬಹುದಿತ್ತು, ಅದನ್ನು ಬಿಟ್ಟಿರಿ ಅನ್ನೋದೇ ನನ್ನ ತಕರಾರು. ಆಟಗಾರ ಅಂಗಳದಲ್ಲಿ ಎಷ್ಟು ನಿಮಿಷ ಇದ್ದ?

ನಾವು ಕೆಲವು ಗೆಳೆಯರು ಸೇರಿ ಫ್ಯಾಂಟಸಿ ಲೀಗ್ ಆಡುತ್ತೇವೆ. ಹೆಸರು ಕೇಳಿದ ತಕ್ಷಣ ಹುಬ್ಬು ಗಂಟಿಕ್ಕಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ಬಾಗಿಲು ಹಾಕಿಸಿತು, ಒಳ್ಳೆಯದೇ ಆಯಿತು. ನಮ್ಮ ಲೀಗಿನಲ್ಲಿ ಬಿಡಿಗಾಸೂ ಓಡಾಡುವುದಿಲ್ಲ. ಸೀಸನ್ನಿಗೆ ಮುಂಚೆ ಒಬ್ಬೊಬ್ಬರಾಗಿ ಸರದಿಯಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತೇವೆ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವನಿಗೆ ಎರಡನೇ ಸುತ್ತಿನಲ್ಲಿ ಮೊದಲ ಅವಕಾಶ. ಆಮೇಲೆ ವಾರಕ್ಕೊಬ್ಬರ ಜೊತೆ ಪೈಪೋಟಿ. ನಾವು ಆರಿಸಿದ ಆಟಗಾರರು ನಿಜವಾದ ಪಂದ್ಯಗಳಲ್ಲಿ ಮಾಡಿದ ಲೆಕ್ಕವೇ ನಮ್ಮ ಲೆಕ್ಕ: ಅಂಕ, ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು), ಅಸಿಸ್ಟ್ (ಬುಟ್ಟಿ ಹಾಕಲು ಕೊಟ್ಟ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎಸೆತ ತಡೆಯುವುದು), ಮೂರಂಕದ ಬುಟ್ಟಿ (ದೂರದ ಗೆರೆಯಾಚೆಯಿಂದ ಹಾಕಿದರೆ 3 ಅಂಕ), ಎಸೆತದ ಸರಾಸರಿ (ನೂರಕ್ಕೆ ಎಷ್ಟು ಬಿತ್ತು), ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಎಸೆತ) ಸರಾಸರಿ, ಚೆಂಡು ಕಳೆದುಕೊಂಡ ಲೆಕ್ಕ, ಒಟ್ಟು 9 ವಿಭಾಗ. ನಿಮ್ಮ ಆಟಗಾರ 30 ಅಂಕ ಹೊಡೆದು 7 ಸಲ ಚೆಂಡು ಕೈಬಿಟ್ಟರೆ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತಿರುತ್ತೀರಿ.

ಈ ಆಟದಲ್ಲಿ ಎಲ್ಲರ ತಲೆ ಕೆಡುವುದು ಮೊದಲ ರಾತ್ರಿಯೇ. ಯಾಕೆ ಅಂದ್ರೆ ಅವತ್ತು ಇರುವುದು ಎರಡೇ ಪಂದ್ಯ. ತಿಂಗಳುಗಟ್ಟಲೆ ಕಾದವರೆಲ್ಲ ಅದೇ ನಾಲ್ಕು ತಂಡಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮಾರನೇ ದಿನ ಒಂದೇ ರಾತ್ರಿ ಹತ್ತು ಹನ್ನೆರಡು ಪಂದ್ಯ, ಆಗ ಯಾರು ಏನು ಮಾಡಿದರು ಅಂತ ಲೆಕ್ಕ ಇಡುವುದೇ ಕಷ್ಟ. ಮೊದಲ ರಾತ್ರಿ ಒಬ್ಬ ಮಿಂಚಿದರೆ ಅವನು ದೇವರು, ಮುಗ್ಗರಿಸಿದರೆ ಅವನನ್ನು ಆರಿಸಿದ್ದೇ ತಪ್ಪು ಅನ್ನೋ ರಾಗ. ಭಾರತದಲ್ಲಿ ಕೂತವರಿಗಂತೂ ಮೊದಲ ಪಂದ್ಯ ಬೆಳಗಿನ ಜಾವ 5ಕ್ಕೆ ಶುರು. ಅರೆನಿದ್ದೆಯಲ್ಲಿ ಫೋನ್ ಹಿಡಿದು, ಕಾಫಿ ಕೂಡ ಕುಡಿಯದೆ, ಒಳ್ಳೆ ಆಟಗಾರನನ್ನು ತಂಡದಿಂದ ಕಿತ್ತು ಹಾಕುವವರು ನಮ್ಮ ಲೀಗಿನಲ್ಲೇ ಇದ್ದಾರೆ.

2024ರ ಸೀಸನ್ನಿನ ಮೊದಲ ರಾತ್ರಿಯನ್ನೇ ನೋಡಿ. ಬಾಸ್ಟನ್ ಸೆಲ್ಟಿಕ್ಸ್ 132, ನ್ಯೂಯಾರ್ಕ್ ನಿಕ್ಸ್ 109. ಸೆಲ್ಟಿಕ್ಸ್ ಅವತ್ತು 61 ಸಲ ಮೂರಂಕದ ಗೆರೆಯಾಚೆಯಿಂದ ಎಸೆದು 29 ಬುಟ್ಟಿ ಹಾಕಿ ಎನ್‌ಬಿಎ ದಾಖಲೆ ಸರಿಗಟ್ಟಿತು, ಜೇಸನ್ ಟೇಟಮ್ ಒಬ್ಬನೇ 37 ಅಂಕ. ಸರಿ, ಅದು ದೊಡ್ಡ ಸುದ್ದಿಯೇ. ಆದರೆ ಸೋತ ನಿಕ್ಸ್ ಕಡೆ ನೋಡಿ. ಬದಲಿ ಆಟಗಾರನಾಗಿ ಬೆಂಚಿನಿಂದ ಬಂದ ಮೈಲ್ಸ್ ಮೆಕ್‌ಬ್ರೈಡ್ 22 ಅಂಕ ಹೊಡೆದ. ಆಗಷ್ಟೇ ಮಿನೆಸೋಟಾ ತಂಡದಿಂದ ಬಂದಿದ್ದ ಕಾರ್ಲ್ ಆ್ಯಂಟನಿ ಟೌನ್ಸ್ 12 ಅಂಕ, 7 ರಿಬೌಂಡ್. ಬರೀ ಅಂಕ ಓದಿದವನಿಗೆ ಏನನಿಸುತ್ತೆ? ಮೆಕ್‌ಬ್ರೈಡ್‌ನನ್ನು ಎತ್ಕೋ, ಟೌನ್ಸ್‌ನನ್ನು ಯಾರಿಗಾದರೂ ದಾಟಿಸು ಅಂತ. ಸೀಸನ್ ಮುಗಿದಾಗ ಮೆಕ್‌ಬ್ರೈಡ್ ಸರಾಸರಿ ಪಂದ್ಯಕ್ಕೆ 10 ಅಂಕದ ಒಳಗೇ ಇತ್ತು. ಟೌನ್ಸ್ 24.4 ಅಂಕ, 12.8 ರಿಬೌಂಡ್! ಅವನನ್ನು ಮೊದಲ ವಾರವೇ ಬಿಟ್ಟುಕೊಟ್ಟವರು ಆಮೇಲೆ ಕೈ ಕೈ ಹಿಸುಕಿಕೊಂಡಿರಬೇಕು.

ಇದರಲ್ಲಿ ಮಾಯಮಂತ್ರ ಏನಿಲ್ಲ. ಪಂದ್ಯ ಕೈಬಿಟ್ಟು ಹೋಗಿದೆ ಅಂದಾಗ ಕೋಚ್ ದೊಡ್ಡ ಆಟಗಾರರನ್ನು ಕೂರಿಸುತ್ತಾನೆ, ಬೆಂಚಿನವರಿಗೆ ಅಂಗಳ ಸಿಗುತ್ತದೆ, ಎದುರಾಳಿಯೂ ಕಾವಲು ಸಡಿಲ ಬಿಟ್ಟಿರುತ್ತಾನೆ. ಆಗ ಬಿದ್ದ ಅಂಕವೂ ಅಂಕವೇ, ಆದರೆ ಮುಂದಿನ ವಾರ ಅದೇ ಅವಕಾಶ ಸಿಗುತ್ತದೆ ಅನ್ನೋ ಖಾತರಿ ಇಲ್ಲ.

ಅವತ್ತಿನ ಎರಡನೇ ಪಂದ್ಯದಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಪರ ಲೆಬ್ರಾನ್ ಜೇಮ್ಸ್ ಮತ್ತು ಮಗ ಬ್ರಾನಿ ಒಟ್ಟಿಗೆ ಆಡಿದರು. ಎನ್‌ಬಿಎಯಲ್ಲಿ ಅಪ್ಪ ಮಗ ಜೊತೆಯಾಗಿ ಅಂಗಳಕ್ಕಿಳಿದಿದ್ದು ಅದೇ ಮೊದಲು, ಫೋಟೊ ಎಲ್ಲ ಕಡೆ ಬಂತು. ಮಗ ಆಡಿದ್ದು ಮೂರು ನಿಮಿಷವೂ ಆಗಲಿಲ್ಲ, ಒಂದು ಅಂಕವೂ ಇಲ್ಲ. ಅದೇ ಪಂದ್ಯದಲ್ಲಿ 36 ಅಂಕ, 16 ರಿಬೌಂಡ್ ಬಾಚಿದ ಆಂಟನಿ ಡೇವಿಸ್ ಬಗ್ಗೆ ಎಷ್ಟು ಜನ ಓದಿದರೋ ಗೊತ್ತಿಲ್ಲ. ಪಾಪ, ಅಷ್ಟು ಆಡಿದವನನ್ನೇ ನಾಲ್ಕು ತಿಂಗಳೊಳಗೆ ಡಲ್ಲಾಸ್ ತಂಡಕ್ಕೆ ಕಳಿಸಿ ಲೂಕಾ ಡಾನ್ಸಿಚ್‌ನನ್ನು ತಂದರು.

ಈಗ 2025ಕ್ಕೆ ಬನ್ನಿ. ಒಕ್ಲಹೋಮಾ ಸಿಟಿ ಥಂಡರ್ 125, ಹ್ಯೂಸ್ಟನ್ ರಾಕೆಟ್ಸ್ 124. ಹ್ಯೂಸ್ಟನ್‌ನ ಆಲ್ಪೆರೆನ್ ಶೆಂಗುನ್ 39 ಅಂಕ, 11 ರಿಬೌಂಡ್, 7 ಅಸಿಸ್ಟ್. ನೀವೂ 39 ಅಂತ ಹಾಕಿದಿರಿ. ಆದರೆ ಪಂದ್ಯ ಎರಡು ಸಲ ಹೆಚ್ಚುವರಿ ಅವಧಿಗೆ ಹೋಯಿತು, 48 ನಿಮಿಷದ ಆಟ 58 ನಿಮಿಷ ನಡೆಯಿತು. ಹತ್ತು ನಿಮಿಷ ಜಾಸ್ತಿ ಆಡಿದರೆ ಎಲ್ಲರ ಅಂಕಿಯೂ ಉಬ್ಬಲೇಬೇಕು ಅಲ್ವಾ? ಜೊತೆಗೆ ಶೆಂಗುನ್ ಅವತ್ತು ಮೂರಂಕದ ಬುಟ್ಟಿ 5 ಹಾಕಿದ. ಹಿಂದಿನ ಸೀಸನ್ನಿನಲ್ಲಿ ಅಲ್ಲಿಂದ ನೂರಕ್ಕೆ 23ರಷ್ಟು ಮಾತ್ರ ಬುಟ್ಟಿಗೆ ಹಾಕಿದವನು ಅವನು. ಒಂದು ರಾತ್ರಿ ನೋಡಿ ಅದನ್ನು ನಂಬಲು ಆಗಲ್ಲ. ಆ 7 ಅಸಿಸ್ಟ್ ಇದೆಯಲ್ಲ, ಅದನ್ನು ಮಾತ್ರ ನಂಬಬಹುದಿತ್ತು. ತಂಡದ ಪಾಯಿಂಟ್ ಗಾರ್ಡ್ (ಚೆಂಡು ಹಂಚಿ ಆಟ ಕಟ್ಟುವವನು) ಫ್ರೆಡ್ ವ್ಯಾನ್‌ವ್ಲೀಟ್ ಸೆಪ್ಟೆಂಬರ್‌ನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಬಿದ್ದಿದ್ದ, ಚೆಂಡು ಇನ್ನು ಹೆಚ್ಚು ಶೆಂಗುನ್ ಕೈಯಿಂದಲೇ ಓಡಾಡಬೇಕಿತ್ತು. ಕಾರಣ ಇರುವ ಅಂಕಿ ಮುಂದೆಯೂ ಬರುತ್ತದೆ, ಉಳಿದದ್ದು ಬಂದರೆ ಬಂತು.

ಥಂಡರ್ ಕಡೆ ಬೆಂಚಿನಿಂದ ಬಂದ ಅಜಯ್ ಮಿಚೆಲ್ ಕೂಡ ಹಾಗೇ. (ಹೆಸರು ಕೇಳಿ ನಮ್ಮವನೇ ಅಂದುಕೊಳ್ಳಬೇಡಿ, ಬೆಲ್ಜಿಯಂ ಹುಡುಗ.) ಜೇಲನ್ ವಿಲಿಯಮ್ಸ್ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೊರಗಿದ್ದ, ಆ ನಿಮಿಷಗಳು ಯಾರಿಗಾದರೂ ಹೋಗಲೇಬೇಕಿತ್ತು, ಇವನಿಗೆ ಹೋದವು. ಅವನ ನಿಮಿಷ ನೋಡಿದವರು ಬೆಳಗ್ಗೆಯೇ ಎತ್ತಿಕೊಂಡರು. ಅಂಕದ ಪಟ್ಟಿಯಲ್ಲಿ ಮೇಲಿನ ಎರಡು ಹೆಸರು ಮಾತ್ರ ಓದಿದವರಿಗೆ ಅವನು ಕಾಣಲೇ ಇಲ್ಲ.

ಅದೇ ದಿನ ಲಾಸ್ ಏಂಜಲೀಸ್‌ನಲ್ಲಿ ಲೆಬ್ರಾನ್ ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರದ) ನೋವಿನಿಂದ ಆಡಲಿಲ್ಲ. ಡಾನ್ಸಿಚ್ 43 ಅಂಕ, 12 ರಿಬೌಂಡ್, 9 ಅಸಿಸ್ಟ್ ಮಾಡಿಯೂ ಲೇಕರ್ಸ್ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು 119-109ರಿಂದ ಸೋತಿತು. ಪಕ್ಕದಲ್ಲಿ ಆಸ್ಟಿನ್ ರೀವ್ಸ್ 26 ಅಂಕ. ಸುದ್ದಿಯಲ್ಲಿ ಅವನ ಹೆಸರೇ ಇರಲಿಲ್ಲ. ಲೆಬ್ರಾನ್ ಇಲ್ಲದಾಗ ಚೆಂಡು ಯಾರ ಕೈಗೆ ಬರುತ್ತದೆ ಅಂತ ಗಮನಿಸಿದವರಿಗೆ ಅವನ ಹೆಸರೇ ಮುಖ್ಯ. ಅದೇ ವಾರ ಸ್ಯಾಕ್ರಮೆಂಟೊ ಎದುರು 51 ಹೊಡೆದ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ನೀವು ಕ್ರಿಕೆಟ್ ಸ್ಕೋರ್ ಹಾಕುವಾಗ ರನ್ ಪಕ್ಕದಲ್ಲಿ ಎಸೆತ ಹಾಕೇ ಹಾಕುತ್ತೀರಿ. 40 ರನ್ ಅಂದರೆ 20 ಎಸೆತದಲ್ಲೋ 120 ಎಸೆತದಲ್ಲೋ ಅಂತ ತಿಳಿಯದಿದ್ದರೆ ಓದುಗರು ಬಿಡುತ್ತಾರಾ? ಬಾಸ್ಕೆಟ್‌ಬಾಲ್‌ನಲ್ಲಿ ನಿಮಿಷಕ್ಕೆ ಆ ಜಾಗ. ಫ್ಯಾಂಟಸಿ ಆಡದವರಿಗೂ ಅದು ಬೇಕು. ಕಂಠೀರವ ಕ್ರೀಡಾಂಗಣದ ಲೀಗ್ ಪಂದ್ಯಗಳ ಫಲಿತಾಂಶ ಹಾಕುವಾಗಲೂ ಹೆಸರು, ಅಂಕ ಅಷ್ಟೇ ಇರುತ್ತದೆ. 12 ಅಂಕ ಹೊಡೆದ ಹುಡುಗಿ ಇಡೀ ಪಂದ್ಯ ಆಡಿದಳೋ, ಕೊನೆ ಕ್ವಾರ್ಟರ್‌ನಲ್ಲಿ ಇಳಿದು ಪಂದ್ಯ ತಿರುಗಿಸಿದಳೋ, ಓದುವ ನಮಗೆ ತಿಳಿಯುವುದೇ ಇಲ್ಲ.

ಸಮಯದ ತೊಂದರೆ ಅಂತ ಹೇಳಬೇಡಿ. ಪಂದ್ಯ ಮುಗಿಯುವುದು ನಮ್ಮ ಬೆಳಗ್ಗೆ, ಪತ್ರಿಕೆ ಅಚ್ಚಿಗೆ ಹೋಗುವುದು ರಾತ್ರಿ, ನಿಮ್ಮ ಕೈಯಲ್ಲಿ ಇಡೀ ಹಗಲು ಇರುತ್ತದೆ. 12 ಪಂದ್ಯ ಇರುವ ದಿನ ಎಲ್ಲ ಹಾಕಿ ಅಂತ ಯಾರೂ ಕೇಳಲ್ಲ. ಮೊದಲ ರಾತ್ರಿಯ ಎರಡು ಪಂದ್ಯಕ್ಕೆ ಮಾತ್ರ, ತಂಡಕ್ಕೆ ಐದಾರು ಹೆಸರು, ಹೆಸರಿನ ಮುಂದೆ ಅಂಕ, ನಿಮಿಷ, ಎಷ್ಟು ಎಸೆದ, ಎಷ್ಟು ಬಿತ್ತು, ಇಷ್ಟು ಕೊಡಿ. ಯಾರು ಗಾಯಗೊಂಡು ಆಡಲಿಲ್ಲ ಅನ್ನೋದನ್ನು ಕೊನೆಗೆ ಒಂದು ಸಾಲಿನಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು. ಡಾನ್ಸಿಚ್ ಫೋಟೊ ಸ್ವಲ್ಪ ಚಿಕ್ಕದು ಮಾಡಿದರೆ ಜಾಗವೂ ಸಿಗುತ್ತದೆ.

ಇತಿ,
ನಿಮ್ಮ ಹಳೆಯ ಓದುಗ,
ವಿಜಯನಗರ, ಬೆಂಗಳೂರು