ಬಾಗಿಲಿಗೆ ಬಂದ ಸಭ್ಯಸ್ಥ

ಮಾನ್ಯ ಸಂಪಾದಕರೇ,

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಕಾಲದ ರಂಗಭೂಮಿಯನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು ಲೊರೇನ್ ಹ್ಯಾನ್ಸ್‌ಬೆರಿಯವರ ‘ಎ ರೈಸಿನ್ ಇನ್ ದ ಸನ್’ ನಾಟಕವನ್ನು ‘ಸುಖಾಂತ್ಯದ ಸಂಸಾರದ ಕಥೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದನ್ನು ಓದಿ ಬೇಸರವಾಯಿತು. 1959ರ ಮಾರ್ಚ್‌ನಲ್ಲಿ ರಂಗಕ್ಕೇರಿ 530 ಪ್ರದರ್ಶನಗಳನ್ನು ಕಂಡ ಈ ಕೃತಿ, ನ್ಯೂಯಾರ್ಕಿನ ಪ್ರತಿಷ್ಠಿತ ರಂಗಮಂದಿರಗಳ ತಾಣವಾದ ಬ್ರಾಡ್‌ವೇಯಲ್ಲಿ ಪ್ರದರ್ಶನಗೊಂಡ ಕಪ್ಪು ಮಹಿಳೆಯೊಬ್ಬರ ಮೊದಲ ನಾಟಕ.

ಷಿಕಾಗೋದ ಇಕ್ಕಟ್ಟಾದ ಬಾಡಿಗೆ ಮನೆಯಲ್ಲಿರುವ ಯಂಗರ್ ಕುಟುಂಬ, ತೀರಿಹೋದ ಯಜಮಾನನ ವಿಮೆಯಿಂದ ಬಂದ 10,000 ಡಾಲರಿನಲ್ಲಿ ಒಂದು ಪಾಲನ್ನು ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಹಿಡಿಯುತ್ತದೆ. ಆಗ ಆ ಬಡಾವಣೆಯ ಸಂಘದ ಪ್ರತಿನಿಧಿ ಲಿಂಡ್ನರ್ ಬರುತ್ತಾನೆ. ಕೈಯಲ್ಲಿ ಹ್ಯಾಟು, ಬ್ರೀಫ್‌ಕೇಸು, ಮಾತಿನಲ್ಲಿ ಹಿಂಜರಿಕೆ. ಇದರಲ್ಲಿ ವರ್ಣದ್ವೇಷದ ಮಾತೇ ಇಲ್ಲವೆಂದು ನಂಬಿಸುತ್ತಲೇ, ನೀವು ಬಾರದಿದ್ದರೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆ ಎನ್ನುತ್ತಾನೆ. ನಾಟಕದ ಏಕೈಕ ಬಿಳಿಯ ಪಾತ್ರವನ್ನು ಲಾಠಿ ಹಿಡಿದವನನ್ನಾಗಿ ಮಾಡದೆ ಹೀಗೆ ಸಭ್ಯಸ್ಥನನ್ನಾಗಿ ಮಾಡಿದ್ದೇ ಹ್ಯಾನ್ಸ್‌ಬೆರಿಯವರ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೇನೆ. ಏಕೆಂದರೆ ಬಡಾವಣೆಗಳನ್ನು ಬಣ್ಣದ ಮೇಲೆ ಬೇರೆಯಾಗಿಟ್ಟದ್ದು ಕಲ್ಲು ದೊಣ್ಣೆಗಳಷ್ಟೇ ಅಲ್ಲ, ಕಪ್ಪು ಜನರಿಗೆ ಮನೆ ಮಾರಕೂಡದೆಂದು ನೆರೆಹೊರೆಯವರು ಸಹಿ ಮಾಡಿದ ಕರಾರುಪತ್ರಗಳೂ ಹೌದು.

ಇದು ಲೇಖಕಿ ಉಂಡ ನೋವೇ. ಅವರ ತಂದೆ 1937ರಲ್ಲಿ ಅಂಥ ಬಡಾವಣೆಯಲ್ಲಿ ಮನೆ ಕೊಂಡು ಸುಪ್ರೀಂ ಕೋರ್ಟಿನವರೆಗೂ ಹೋಗಿ 1940ರಲ್ಲಿ ಗೆದ್ದರು. ಆದರೆ ಆ ತೀರ್ಪು ಕರಾರುಗಳನ್ನೇ ಅಸಿಂಧುಗೊಳಿಸಲಿಲ್ಲ. ನ್ಯಾಯಾಲಯಗಳು ಅವನ್ನು ಜಾರಿ ಮಾಡುವಂತಿಲ್ಲವೆಂಬ ಆದೇಶಕ್ಕೆ 1948ರವರೆಗೆ ಕಾಯಬೇಕಾಯಿತು. ತಂದೆ ಮೊಕದ್ದಮೆಯ ಓಡಾಟದಲ್ಲಿದ್ದ ಆ ದಿನಗಳಲ್ಲಿ ತಾಯಿ ಗುಂಡು ತುಂಬಿದ ಪಿಸ್ತೂಲು ಹಿಡಿದು ರಾತ್ರಿಯೆಲ್ಲ ಮನೆಯೊಳಗೆ ಕಾವಲು ತಿರುಗುತ್ತಿದ್ದುದನ್ನು ಹ್ಯಾನ್ಸ್‌ಬೆರಿಯವರೇ ಬರೆದಿದ್ದಾರೆ.

ಸುಖಾಂತ್ಯವೆಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಉಳಿದ ಹಣವನ್ನು ನಂಬಿದವನೊಬ್ಬ ಎತ್ತಿಕೊಂಡು ಓಡಿಹೋದ ಮೇಲೆ, ಮಗ ವಾಲ್ಟರ್ ಆ ಹೆಚ್ಚಿನ ಹಣವನ್ನು ಪಡೆಯಲೆಂದು ಲಿಂಡ್ನರನನ್ನು ಮತ್ತೆ ಕರೆಸುತ್ತಾನೆ. ಮೊಮ್ಮಗ ಇಲ್ಲೇ ನಿಂತು ಎಲ್ಲವನ್ನೂ ನೋಡಲಿ ಎಂದು ತಾಯಿ ಲೀನಾ ಪಟ್ಟು ಹಿಡಿದಾಗ, ಆ ಹುಡುಗನೆದುರು ವಾಲ್ಟರನಿಗೆ ಹಣಕ್ಕೆ ಕೈಯೊಡ್ಡಲಾಗುವುದಿಲ್ಲ. ಸಾಮಾನು ಸಾಗಿಸಿದ ಬಳಿಕ ಲೀನಾ ಖಾಲಿ ಮನೆಗೆ ಮರಳಿ, ಬಿಸಿಲು ಸಾಲದೆ ಸೊರಗಿದ ತನ್ನ ಗಿಡದ ಕುಂಡವನ್ನೆತ್ತಿಕೊಂಡು ಹೊರಡುತ್ತಾಳೆ. ಆಕೆ ಹೊರಟಿರುವುದು ಹ್ಯಾನ್ಸ್‌ಬೆರಿಯವರ ತಾಯಿ ರಾತ್ರಿಯಿಡೀ ಎಚ್ಚರವಿದ್ದಂಥ ಬೀದಿಗೇ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ, ಧಾರವಾಡ